ಹೆಸರಿನ ಬೆನ್ನು ಹತ್ತಿ ಕುರೆಕುಪ್ಪದಿಂದ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವಾಗ ತೋರಣಗಲ್ಲು ಬಂತೆಂದು ಕಂಡಕ್ಟರು ಕೂಗಿ ಹೇಳಬೇಕಾಗಿಲ್ಲ. ಉಕ್ಕಿನ ಕಾರ್ಖಾನೆಯ ಚಿಮಣಿಗಳೇ ಹೇಳುತ್ತವೆ. ಅದರ ಮಗ್ಗುಲಲ್ಲೇ ಇದೆ ನಮ್ಮ ಕುರೆಕುಪ್ಪ. ಸಂಡೂರು ತಾಲ್ಲೂಕಿಗೆ ಸೇರಿದ್ದು. ಹಿಂದೆ ಹಳ್ಳಿ, ಈಗ ಪುರಸಭೆಯ ಊರು. ನೋಡಲಿಕ್ಕೆಂದು ಇಲ್ಲಿ ಯಾರೂ ಇಳಿಯುವುದಿಲ್ಲ ಬಿಡಿ. ಹಂಪಿ ನೋಡುವವರು ಆ ಕಡೆ ಹೋಗುತ್ತಾರೆ, ಆಸ್ಪತ್ರೆ, ಕೋರ್ಟು ಅಂತ ಇರುವವರು ಈ ಕಡೆ ಬಳ್ಳಾರಿಗೆ ಹೋಗುತ್ತಾರೆ. ಆದರೂ ಸೋದರಿಯರೇ, ಈ ಸಲ ನಿಮ್ಮನ್ನು ನಾನು ಕುರೆಕುಪ್ಪದಿಂದಲೇ ಹೊರಡಿಸುತ್ತೇನೆ.

ಕಾರ್ಖಾನೆ ಬಂದಮೇಲೆ ನಮ್ಮೂರಿಗೆ ಎಲ್ಲೆಲ್ಲಿಯವರೋ ಬಂದರು. ಬಿಹಾರದವರು, ಒಡಿಶಾದವರು, ಆಂಧ್ರದವರು, ತಮಿಳರು. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತದೆ. ಹೊಸಬರು ಬಂದರೆಂದರೆ ನಮ್ಮವರು ಕೇಳುವುದು ಎರಡೇ ಪ್ರಶ್ನೆ: "ಯಾವೂರು? ಅಡ್ಡಹೆಸರೇನು?" ಈ ಎರಡು ತಿಳಿದರೆ ಅರ್ಧ ಜಾತಕವೇ ತಿಳಿದಂತೆ! ನಮ್ಮ ಮನೆಯ ಹಿಂದಿನ ಭಾಗಕ್ಕೆ ಬಾಡಿಗೆಗೆ ಬಂದ ಪುದುಚೇರಿಯ ಸಂಸಾರಕ್ಕೂ ಇದೇ ಪ್ರಶ್ನೆ ಎದುರಾಯಿತು. ಊರು ಸರಿ, ಪಾಂಡಿಚೇರಿ ಎಂದರೆ ಎಲ್ಲರಿಗೂ ಗೊತ್ತು. ಆದರೆ ಅಡ್ಡಹೆಸರು ಕೇಳಿ ಎಲ್ಲರೂ ಬಾಯಿಮೇಲೆ ಬೆರಳಿಟ್ಟರು. ಅದು ಅಪ್ಪಟ ಫ್ರೆಂಚ್ ಹೆಸರು. ಆಕೆಯೋ ನಮ್ಮ ನಿಮ್ಮ ಹಾಗೆ ಮಲ್ಲಿಗೆ ಮುಡಿದು, ಸಾರಿಗೆ ಹುಣಸೆ ಕಿವುಚುವ ತಮಿಳು ಹೆಂಗಸು. "ಏನಕ್ಕಾ, ನಿಮ್ಮ ತಾತ ಬಿಳಿಯೋನಾ?" ಅಂತ ಪಕ್ಕದ ಮನೆಯಾಕೆ ನೇರವಾಗಿಯೇ ಕೇಳಿಬಿಟ್ಟಳು.

ಆಕೆ ನಕ್ಕು ಸುಮ್ಮನಾದರು. ಆದರೆ ಆ ಪ್ರಶ್ನೆ ಅವರನ್ನೂ ಬಹಳ ದಿನದಿಂದ ಕಾಡುತ್ತಿತ್ತಂತೆ. ಅವರ ದೊಡ್ಡಪ್ಪ ಮಾತ್ರ ನಮ್ಮ ಮೂಲಪುರುಷ ಡೂಪ್ಲೆ ಸಾಹೇಬನ ಸೈನ್ಯದಲ್ಲಿ ದೊಡ್ಡ ಅಧಿಕಾರಿ ಎಂದು ಮದುವೆ ಮುಂಜಿಗಳಲ್ಲೆಲ್ಲ ಹೇಳುತ್ತಾ ಬಂದಿದ್ದಾರೆ. ನಿಜವೋ ಸುಳ್ಳೋ ನೋಡೋಣವೆಂದು ಈಕೆ ಹಳೆಯ ಕಾಗದಪತ್ರಗಳನ್ನು ಹುಡುಕಲು ಕೂತಿದ್ದರು. "ಅಕ್ಕಾ, ನಿಮ್ಮ ಕಡೆಗೂ ಫ್ರೆಂಚರು ಬಂದಿದ್ರಾ?" ಎಂದು ಒಂದು ದಿನ ಕೇಳಿದರು. ಬಂದಿದ್ದರಲ್ಲ! ಅರ್ಧ ದಿನದ ದಾರಿಯೊಳಗೇ ಇಬ್ಬರ ಸುದ್ದಿ ಇದೆ, ಒಬ್ಬನದು ಬಳ್ಳಾರಿ ಕೋಟೆಯಲ್ಲಿ, ಇನ್ನೊಂದು ಸಂಡೂರಿನ ಅರಸು ಮನೆತನದಲ್ಲಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ, ಮೊಸರನ್ನ ಬುತ್ತಿ ಕಟ್ಟಿಕೊಂಡು ಒಂದು ಭಾನುವಾರ ಇಬ್ಬರೂ ಹೊರಟೆವು.

ಬಳ್ಳಾರಿ ನಮ್ಮಿಂದ ಸುಮಾರು 30 ಕಿಲೋಮೀಟರು. ಕೋಟೆ ಹತ್ತುವುದಿದ್ದರೆ ಬೆಳಿಗ್ಗೆ ಬೇಗ ಹೋಗಿ. ಒಂಬತ್ತು ಗಂಟೆಯ ಮೇಲೆ ಆ ಬಂಡೆ ಕಾದ ಹಂಚಿನ ಹಾಗೆ; ಬಳ್ಳಾರಿ ಬಿಸಿಲನ್ನು ನಿಮಗೆ ಬೇರೆ ಹೇಳಬೇಕೇ? ಮೇಲಿನ ಕೋಟೆ ವಿಜಯನಗರದ ಕಾಲದ ಹನುಮಪ್ಪ ನಾಯಕ ಕಟ್ಟಿಸಿದ್ದು. ಕೆಳಗಿನದನ್ನು ಬಲಪಡಿಸಿದವನು ಹೈದರ್ ಅಲಿ. 1775ರ ಸುಮಾರಿಗೆ ಆದವಾನಿಯ ಬಸಾಲತ್ ಜಂಗ್ ಬಳ್ಳಾರಿಗೆ ಮುತ್ತಿಗೆ ಹಾಕಿದಾಗ ಇಲ್ಲಿಯ ಪಾಳೆಯಗಾರ ಹೈದರನನ್ನು ನೆರವಿಗೆ ಕರೆದ. ಹೈದರ್ ಬಂದ, ಮುತ್ತಿಗೆ ಹಾಕಿದವರನ್ನು ಓಡಿಸಿದ, ಕೋಟೆಯನ್ನು ತಾನೇ ಇಟ್ಟುಕೊಂಡ. ಕರೆದವನ ಗತಿ ನೀವೇ ಊಹಿಸಿ.

ಕೋಟೆ ಕೈಗೆ ಬಂದಮೇಲೆ ಒಬ್ಬ ಫ್ರೆಂಚ್ ಎಂಜಿನಿಯರನನ್ನು ಕರೆಸಿ ಅದನ್ನು ಭದ್ರಪಡಿಸಿದನಂತೆ. ಕೆಲಸವೆಲ್ಲ ಮುಗಿದಮೇಲೆ ಹೈದರ್ ನೋಡುತ್ತಾನೆ, ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರ! ಅಲ್ಲೊಂದು ಫಿರಂಗಿ ಇಟ್ಟರೆ ಕೋಟೆಯ ಕಥೆ ಮುಗಿಯಿತು. ಸಿಟ್ಟಿಗೆದ್ದು ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ನೇಣಿಗೆ ಹಾಕಿಸಿದ ಎಂದು ಜನ ಹೇಳುತ್ತಾ ಬಂದಿದ್ದಾರೆ. ಪೂರ್ವದ ಬಾಗಿಲ ಹತ್ತಿರದ ಗೋರಿಯೇ ಅವನದು ಎನ್ನುತ್ತಾರೆ. ಅಲ್ಲ, ಅದು ಮುಸಲ್ಮಾನ ಸಂತರೊಬ್ಬರದು ಎನ್ನುವವರೂ ಇದ್ದಾರೆ. ಕುಂಬಾರ ಗುಡ್ಡ ಮಾತ್ರ ಎದುರಿಗೇ ಇದೆ. ಆಗ್ನೇಯದ ಕಡೆಯಿಂದ ನೋಡಿದರೆ ಮಲಗಿದ ಮನುಷ್ಯನ ಮುಖದ ಹಾಗೆ ಕಾಣುತ್ತದೆ.

ಕಥೆ ಕೇಳಿ ನಮ್ಮ ಪುದುಚೇರಿಯಾಕೆ ಕೇಳಿದ್ದು ಒಂದೇ ಮಾತು: "ಅವರ ಹೆಸರೇನಕ್ಕಾ?" ಹೆಸರು ಕಥೆಯಲ್ಲಿಲ್ಲ. ಕೋಟೆ ಕಟ್ಟಿದ್ದು ಉಳಿಯಿತು, ಕೋಟೆ ಕೆಟ್ಟ ಕಾರಣ ಉಳಿಯಿತು, ಸತ್ತ ಬಗೆಯೂ ಉಳಿಯಿತು. ಅವನನ್ನು ಹೆತ್ತವಳು ಏನೆಂದು ಕರೆಯುತ್ತಿದ್ದಳೋ ಅದೊಂದು ಉಳಿಯಲಿಲ್ಲ.

ಹೆಸರು ಉಳಿದವರದೂ ಕಷ್ಟವೇ. ಬಸಾಲತ್ ಜಂಗನ ಪರವಾಗಿ ಬಳ್ಳಾರಿಗೆ ಮುತ್ತಿಗೆ ಹಾಕಿದ ದಂಡಿನ ನಾಯಕನೂ ಫ್ರೆಂಚನೇ. ಮುಂದೆ ಹೈದರನ ಕೈಕೆಳಗೇ ಚಾಕರಿಗೆ ಸೇರಿದ. ಅವನ ಹೆಸರು ಲಾಲೆ. ಇಂಗ್ಲಿಷರು ಪುಸ್ತಕಗಳಲ್ಲಿ ಅದನ್ನು ಲಾಲಿ ಎಂದು ಬರೆದರು. ಆದರೆ ಲಾಲಿ ಎಂಬ ಇನ್ನೊಬ್ಬ ಸೇನಾಪತಿ ಮೊದಲೇ ಇದ್ದ. 1761ರಲ್ಲಿ ಪಾಂಡಿಚೇರಿಯನ್ನು ಇಂಗ್ಲಿಷರಿಗೆ ಸೋತು, 1766ರಲ್ಲಿ ಪ್ಯಾರಿಸ್ಸಿನಲ್ಲಿ ತಲೆ ಕಳೆದುಕೊಂಡವನು. ಒಂದು ಅಕ್ಷರದ ದೆಸೆಯಿಂದ ಎಷ್ಟೋ ಜನ ಇವರಿಬ್ಬರನ್ನೂ ಒಬ್ಬನೆಂದೇ ತಿಳಿದರು. ನಮ್ಮ ಆಧಾರ್ ಕಾರ್ಡಿನ ಕಾಗುಣಿತ ತಪ್ಪಿದಾಗ ಆಗುವ ಪಾಡು ನೆನಪಾಯಿತು ನನಗೆ!

ಸಿಪಾಯಿಗಳ ವಿಷಯವಂತೂ ಕೇಳಿದರೆ ನಗು ಬರುತ್ತದೆ. ಆಗಿನ ಫ್ರೆಂಚ್ ಸೈನ್ಯದಲ್ಲಿ ಪ್ರತಿಯೊಬ್ಬ ಸಿಪಾಯಿಗೂ ದಂಡಿನ ಹೆಸರು ಅಂತ ಒಂದಿರುತ್ತಿತ್ತು. ಒಬ್ಬ 'ಲಾ ಫ್ಲ್ಯೂರ್', ಅಂದರೆ ಹೂವು. ಇನ್ನೊಬ್ಬ 'ಸಾಂ ಸೂಸಿ', ಚಿಂತೆಯಿಲ್ಲದವನು. ಮೀಸೆ ಹೊತ್ತ ಸಿಪಾಯಿಗೆ ಹೂವಪ್ಪ ಎಂದು ಹೆಸರಿಟ್ಟ ಹಾಗಾಯಿತು. ದಾಖಲೆಗಳಲ್ಲಿ ನಿಜವಾದ ಹೆಸರಿನ ಜೊತೆ 'ಅಲಿಯಾಸ್' ಅನ್ನುವ ಹಾಗೆ ಇದನ್ನೂ ಬರೆಯುತ್ತಿದ್ದರು, ಕೆಲವು ಕಡೆ ಕೊನೆಗೆ ಅದೇ ಮಕ್ಕಳ ಮನೆತನದ ಹೆಸರಾಗಿ ನಿಂತುಬಿಡುತ್ತಿತ್ತು. ನಮ್ಮಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂಬ ಮನೆತನಗಳಿಲ್ಲವೇ? ಯಾವ ಮುತ್ತಜ್ಜ ಯಾವ ಸಂತೆಯಲ್ಲಿ ಏನು ಮಾರಿದನೋ, ಇವತ್ತಿಗೂ ಡಾಕ್ಟರ್ ಓದಿದ ಮರಿಮಗನ ಬೋರ್ಡಿನ ಮೇಲೆ ಅದೇ ಇದೆ.

ಸಂಡೂರಿನ ದಾರಿ ಬೇರೆಯೇ ತರಹ. ತೋರಣಗಲ್ಲಿನ ಬಟ್ಟಬಯಲು ಬಿಟ್ಟು ಹೋಗುತ್ತಾ ಹೋಗುತ್ತಾ ಕೆಂಪು ಗುಡ್ಡಗಳು ಎರಡೂ ಕಡೆಯಿಂದ ಒತ್ತರಿಸಿ ಬರುತ್ತವೆ. ಅದಿರಿನ ಲಾರಿಗಳ ಧೂಳು ಇದೆ, ಸೀರೆಯ ಸೆರಗು ಮೂಗಿಗೆ ಹಿಡಿಯಬೇಕು. ಆದರೆ ಮಳೆಗಾಲ ಕಳೆದಮೇಲೆ ಒಮ್ಮೆ ಹೋಗಿ ನೋಡಿ, ಇದು ಬಳ್ಳಾರಿ ಜಿಲ್ಲೆಯೋ ಮಲೆನಾಡೋ ಎನ್ನುವಷ್ಟು ಹಸಿರು.

1949ರವರೆಗೆ ಸಂಡೂರು ಒಂದು ಪುಟ್ಟ ಸಂಸ್ಥಾನವಾಗಿತ್ತು. ಆಳಿದವರು ಮರಾಠ ಘೋರ್ಪಡೆ ಮನೆತನದವರು. ಘೋರ್ಪಡೆ ಎಂಬುದೂ ಅಡ್ಡಹೆಸರೇ! ಮರಾಠಿಯಲ್ಲಿ ಘೋರ್ಪಡ್ ಎಂದರೆ ಉಡ. ಭೋಸಲೆ ವಂಶದ ಹಿರಿಯನೊಬ್ಬ ಉಡಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಏರಿದನೆಂದೂ ಅಂದಿನಿಂದ ಈ ಹೆಸರು ಬಂತೆಂದೂ ಮನೆತನದ ಐತಿಹ್ಯ. ಈ ವಂಶದ ಗುತ್ತಿಯ ಮುರಾರಿರಾವ್ ಘೋರ್ಪಡೆ ದಕ್ಷಿಣದಲ್ಲೆಲ್ಲ ಹೆಸರಾದ ದಂಡನಾಯಕ. ತಿರುಚಿರಾಪಳ್ಳಿಗಾಗಿ ಇಂಗ್ಲಿಷರೂ ಫ್ರೆಂಚರೂ ಕಾದಾಡಿದಾಗ ಮೊದಲು ಇಂಗ್ಲಿಷರ ಪಕ್ಷದಲ್ಲಿದ್ದು ಆಮೇಲೆ ಡೂಪ್ಲೆಯ ಪಕ್ಷ ಸೇರಿದವನು. ಬಳ್ಳಾರಿಯಾದ ಮೇಲೆ ಹೈದರ್ ಗುತ್ತಿಗೂ ಬಂದ. 1776ರಲ್ಲಿ ಗುತ್ತಿ ಬಿತ್ತು, ಮುರಾರಿರಾವ್ ಸೆರೆಯಾಗಿ ಕಬ್ಬಾಳದುರ್ಗದಲ್ಲಿ ತೀರಿಕೊಂಡ.

ಆದರೆ ಹೆಸರು ಸಾಯಲಿಲ್ಲ ನೋಡಿ. ಸಂಡೂರಿನ ವಂಶಾವಳಿ ಓದಿದರೆ ಶಿವರಾವ್, ವೆಂಕಟರಾವ್, ಯಶವಂತರಾವ್ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ನಡುವೆ 1861ರಿಂದ ಆಳಿದ ಒಬ್ಬರ ಹೆಸರು ಶಿವಷಣ್ಮುಖರಾವ್. ಮರಾಠ ಮನೆತನದ ಹೆಸರಿಗೆ ಇಲ್ಲಿಯ ಗುಡ್ಡದ ಕುಮಾರಸ್ವಾಮಿ ಬಂದು ಸೇರಿಕೊಂಡಿದ್ದಾನೆ. ಕೊನೆಯ ಅರಸರು ಯಶವಂತರಾವ್ ತಮ್ಮ ಮಗನಿಗೆ ಇಟ್ಟ ಹೆಸರು ಮುರಾರಿರಾವ್. ಕರ್ನಾಟಕದಲ್ಲಿ ಮಂತ್ರಿಗಳಾಗಿದ್ದ ಎಂ. ವೈ. ಘೋರ್ಪಡೆಯವರು (1931-2011) ಇವರೇ. ಆ 'ಎಂ' ಎಂದರೆ ಮುರಾರಿರಾವ್, 'ವೈ' ಎಂದರೆ ತಂದೆ ಯಶವಂತರಾವ್. ಸೆರೆಯಲ್ಲಿ ಸತ್ತ ಹಿರಿಯನ ಹೆಸರು ನೂರೈವತ್ತು ವರ್ಷದ ಮೇಲೆ ತೊಟ್ಟಿಲಿಗೆ ಬಂತು.

ಕುಮಾರಸ್ವಾಮಿ ಗುಡ್ಡಕ್ಕೂ ಹೋಗಿಬಂದೆವು. ಅಲ್ಲಿ ಮಗನ ಗುಡಿಯ ಪಕ್ಕದಲ್ಲೇ ತಾಯಿ ಪಾರ್ವತಿಯ ಗುಡಿ ಇದೆ, ಬಾದಾಮಿ ಚಾಲುಕ್ಯರ ಕಾಲದ್ದು. ಆ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಪುದುಚೇರಿಯಾಕೆ ಅಂದರು: "ಅಕ್ಕಾ, ಈ ರಾಜರ ಪಟ್ಟಿ ಪೂರಾ ಹೇಳಿದ್ರಿ. ಒಬ್ಬರ ಅಮ್ಮನ ಹೆಸರೂ ಬರಲಿಲ್ಲವಲ್ಲಾ?" ರೊಟ್ಟಿ ಮುರಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ತೊಟ್ಟಿಲಿಗೆ ಬಂದ ಹೆಸರುಗಳ ಲೆಕ್ಕ ಹೇಳುತ್ತಿದ್ದೆ, ತೊಟ್ಟಿಲು ತೂಗಿದವರ ಲೆಕ್ಕ ನನ್ನಲ್ಲಿರಲಿಲ್ಲ.

ಆಕೆ ಹಾಗೆ ಕೇಳಲು ಕಾರಣವಿತ್ತು. ಅವರು ನೋಡುತ್ತಿದ್ದ ಫ್ರೆಂಚ್ ಕಾಗದಗಳ ಪದ್ಧತಿಯೇ ಬೇರೆ. ಪಾಂಡಿಚೇರಿಗೆ ಫ್ರೆಂಚರು ಬಂದು ನೆಲೆಸಿದ್ದು 1674ರಲ್ಲಿ. ಅವರ ಆಡಳಿತ ಬಿಟ್ಟುಹೋದದ್ದು 1954ರಲ್ಲಿ. ಮೊದಮೊದಲು ಹುಟ್ಟು, ಮದುವೆ, ಸಾವುಗಳನ್ನು ಚರ್ಚಿನ ಪಾದ್ರಿಗಳು ಬರೆದಿಡುತ್ತಿದ್ದರು. 1776ರಲ್ಲಿ, ಅತ್ತ ಗುತ್ತಿ ಬಿದ್ದ ವರ್ಷವೇ, ಫ್ರಾನ್ಸಿನ ದೊರೆ ವಸಾಹತುಗಳ ಇಂಥ ದಾಖಲೆಗಳ ಒಂದೊಂದು ಪ್ರತಿ ತನ್ನ ದೇಶಕ್ಕೂ ಬರಬೇಕೆಂದು ಕಟ್ಟಳೆ ಮಾಡಿದ. ಅವೆಲ್ಲ ಈಗ ಫ್ರಾನ್ಸಿನ ಎಕ್ಸ್ ಎಂಬ ಊರಿನ ದಾಖಲೆ ಭಂಡಾರದಲ್ಲಿವೆ. ಎಷ್ಟೋ ಪುಟಗಳನ್ನು ಕಂಪ್ಯೂಟರಿನಲ್ಲಿ ಮನೆಯಲ್ಲೇ ಕೂತು ನೋಡಬಹುದು, ದುಡ್ಡು ಕೊಡಬೇಕಾಗಿಲ್ಲ. ಇವರು ಕುರೆಕುಪ್ಪದಲ್ಲಿ ಕುಕ್ಕರ್ ಸೀಟಿ ಎಣಿಸುತ್ತಾ ಮೊಬೈಲಿನಲ್ಲಿ ನೋಡುತ್ತಿದ್ದುದು ಇದನ್ನೇ.

ಆ ಬರಹದಲ್ಲಿ ನನಗೆ ಮೆಚ್ಚುಗೆಯಾದದ್ದೊಂದಿದೆ. ಫ್ರಾನ್ಸಿನಲ್ಲಿ 1794ರಲ್ಲಿ ಒಂದು ಕಾನೂನು ಬಂತು: ಹುಟ್ಟಿದಾಗ ಬರೆಸಿದ ಹೆಸರು ಬಿಟ್ಟು ಬೇರೆ ಹೆಸರನ್ನು ಯಾರೂ ಹೊರುವಂತಿಲ್ಲ. ಹೀಗಾಗಿ ಮದುವೆಯಾದ ಹೆಂಗಸು ಬೀದಿಯಲ್ಲಿ ಗಂಡನ ಹೆಸರಿನಿಂದ ಕರೆಸಿಕೊಂಡರೂ ಸರ್ಕಾರಿ ಕಾಗದದಲ್ಲಿ ಸಾಯುವ ತನಕ ತವರಿನ ಹೆಸರೇ. ಅದಕ್ಕೂ ಮೊದಲೇ ಇಂಥವರ ಮಗಳು ಎಂದು ತಂದೆತಾಯಿ ಇಬ್ಬರ ಹೆಸರನ್ನೂ ಬರೆಯುವ ರೂಢಿಯಿತ್ತು. ಡೂಪ್ಲೆಯ ಹೆಂಡತಿಯನ್ನೇ ನೋಡಿ. ಪಾಂಡಿಚೇರಿಯಲ್ಲಿ 1706ರಲ್ಲಿ ಹುಟ್ಟಿದವಳು, ಜನರ ಬಾಯಲ್ಲಿ 'ಜಾನ್ ಬೇಗಂ'. ಮೊದಲ ಗಂಡ ವಿನ್ಸೆನ್ಸ್, ಎರಡನೆಯವನು ಡೂಪ್ಲೆ. ಆದರೂ ಹುಟ್ಟುಮನೆಯ ಹೆಸರು ಆಲ್ಬೆರ್ ಎಂಬುದೂ, ತಾಯಿ ದೆ ಕಾಸ್ತ್ರೊ ಮನೆತನದವಳೆಂಬುದೂ ಇವತ್ತಿಗೂ ತಿಳಿಯುತ್ತದೆ.

ಇನ್ನು ಮಕ್ಕಳಿಗೆ ಹೆಸರಿಡುವ ಅವರ ಸಂಪ್ರದಾಯ. ಒಂದೇ ಮಗುವಿಗೆ ಎರಡು ಮೂರು ಹೆಸರು. ದೀಕ್ಷಾಸ್ನಾನದ ಹೊತ್ತಿಗೆ ಮಗುವನ್ನು ಎತ್ತಿಕೊಳ್ಳುವ ಧರ್ಮಪಿತ, ಧರ್ಮಮಾತೆಯರ ಹೆಸರು ಅದರೊಳಗೆ ಸೇರುವುದು ವಾಡಿಕೆ. ಆ ಹಿರಿಯರು ಎಷ್ಟೋ ಸಲ ಅಜ್ಜ ಅಜ್ಜಿಯರೇ. ನಮ್ಮಲ್ಲಿ ಸೋದರತ್ತೆ ತೊಟ್ಟಿಲ ಹತ್ತಿರ ಮಗುವಿನ ಕಿವಿಯಲ್ಲಿ 'ಕುರ್ರ್' ಎಂದು ಕೂಗಿ ಅಜ್ಜನ ಹೆಸರಿಡುವುದಿಲ್ಲವೇ, ಹಾಗೆಯೇ.

ಕನ್ನಡದ ಕ್ರೈಸ್ತ ಮನೆಗಳಲ್ಲಿ ಲೂರ್ದಮ್ಮ, ಲೂರ್ದಪ್ಪ ಎಂಬ ಹೆಸರು ಕೇಳಿದ್ದೀರಾ? ಲೂರ್ದ್ ಎಂಬುದು ಫ್ರಾನ್ಸಿನ ಒಂದು ಊರು. ಅಲ್ಲಿ 1858ರಲ್ಲಿ ಮೇರಿಯಮ್ಮನ ದರ್ಶನವಾಯಿತೆಂಬ ನಂಬಿಕೆಯಿಂದ ಬಂದ ಹೆಸರದು. ರಕ್ತಸಂಬಂಧ ಏನೂ ಇಲ್ಲದೆಯೇ ಫ್ರಾನ್ಸಿನ ಊರೊಂದು ನಮ್ಮ ಅಡಿಗೆಮನೆಯವರೆಗೆ ಬಂದು ಕೂತಿದೆ!

ನಮ್ಮ ಪುದುಚೇರಿಯಾಕೆಯ ಹುಡುಕಾಟದ ಗುಟ್ಟೂ ಇಂಥದ್ದೇ. ಸಂಡೂರಿನಿಂದ ಬಂದ ಕೆಲವು ವಾರಕ್ಕೆ ಕಾಗದ ಸಿಕ್ಕಿತು. 1881ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ಸರ್ಕಾರ ಒಂದು ಆಜ್ಞೆ ಹೊರಡಿಸಿತ್ತು. ಪಾಂಡಿಚೇರಿ ಕಡೆಯ ಭಾರತೀಯರು ಯಾರಾದರೂ ತಮ್ಮ ಜಾತಿಧರ್ಮದ ಕಟ್ಟಳೆಗಳನ್ನು ಬಿಟ್ಟು ಫ್ರೆಂಚ್ ಕಾನೂನಿಗೆ ಒಳಪಡುತ್ತೇವೆಂದು ಬರೆದುಕೊಟ್ಟರೆ ಒಪ್ಪುತ್ತೇವೆ, ಆದರೆ ವಂಶಕ್ಕೊಂದು ಮನೆತನದ ಹೆಸರು ಆರಿಸಿಕೊಳ್ಳಬೇಕು ಎಂದು. ಆಗ ಎಷ್ಟೋ ತಮಿಳರು ಫ್ರೆಂಚ್ ಹೆಸರು ತೆಗೆದುಕೊಂಡರು. ಬೂಟು ಹಾಕಿಕೊಂಡು ಕೋರ್ಟಿಗೆ ಬಂದರೆಂದು 1873ರಲ್ಲಿ ತಡೆಯಲ್ಪಟ್ಟು, ಪ್ಯಾರಿಸ್ಸಿನವರೆಗೆ ವಾದಿಸಿ ಗೆದ್ದ ವಕೀಲರು ಪೊನ್ನುತಂಬಿ ಪಿಳ್ಳೆ. ಅವರು ಆರಿಸಿಕೊಂಡ ಹೆಸರು 'ಲಾಪೋರ್ತ್', ಅಂದರೆ ಬಾಗಿಲು. ಆಕೆಯ ಮುತ್ತಜ್ಜನೂ ಹಾಗೆ ಬರೆದುಕೊಟ್ಟವರಲ್ಲಿ ಒಬ್ಬರು. ಅದಕ್ಕೆ ಹಿಂದೆಲ್ಲ ಶುದ್ಧ ತಮಿಳು ಹೆಸರು. ಡೂಪ್ಲೆಯ ಅಧಿಕಾರಿಯೂ ಇಲ್ಲ, ಕುದುರೆಯೂ ಇಲ್ಲ. ದೊಡ್ಡಪ್ಪ ಎರಡು ತಿಂಗಳು ಫೋನಿನಲ್ಲಿ ಮಾತಾಡಲಿಲ್ಲವಂತೆ!

ಆಕೆಗೆ ಮಾತ್ರ ಬೇರೆ ಸಂತೋಷ ಸಿಕ್ಕಿತು. ಆ ಕಾಗದಗಳಲ್ಲಿ ತಾಯಿಯ ತಾಯಿ, ಅವರ ತಾಯಿ, ಹೀಗೆ ಹೆಂಗಸರ ಹೆಸರು ಹಿಡಿದು ಆರು ತಲೆ ಹಿಂದಕ್ಕೆ ಹೋದರು. ಆರನೆಯವಳ ಹೆಸರು ಬರೀ 'ಮರಿ'. ಹಿಂದೆ ಮುಂದೆ ಏನೂ ಇಲ್ಲ. ಹಳೆಯ ದಾಖಲೆಗಳಲ್ಲಿ ಮತಾಂತರಗೊಂಡ ಸ್ಥಳೀಯ ಹೆಂಗಸರಿಗೆ ಜ್ಞಾನಸ್ನಾನದ ಹೆಸರೊಂದನ್ನೇ ಬರೆದದ್ದುಂಟು. "ಈಕೆ ಯಾರ ಮಗಳೋ ಅಕ್ಕಾ" ಎಂದು ಆ ಪುಟವನ್ನು ನನಗೆ ತೋರಿಸಿದರು.

ನಮ್ಮಲ್ಲೂ ವಂಶ ಬರೆದಿಡುವವರಿದ್ದಾರೆ, ಹೆಳವರು. ಹೆಳವ ಎಂದರೆ ಕಾಲಿಲ್ಲದವ. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಊರೂರಿಗೆ ಬರುತ್ತಿದ್ದರು. ಮನೆತನದ ಮೂಲ ಯಾವೂರು, ಯಾವ ಬರಗಾಲಕ್ಕೆ ಎಲ್ಲಿಗೆ ಬಂದಿರಿ, ಯಾರಿಗೆ ಎಷ್ಟು ಮಕ್ಕಳು ಎಲ್ಲವನ್ನೂ ಬಾಯಿಪಾಠವಾಗಿ ಹೇಳಿ ಕಾಳು, ಬಟ್ಟೆ, ದನ ಕರು ಕಾಣಿಕೆ ಪಡೆಯುವುದು ಅವರ ಕುಲಕಸುಬು. ಈಗ ಪುಸ್ತಕ ಇಟ್ಟುಕೊಂಡು ಬರುತ್ತಾರೆ. ಹೋದ ಸುಗ್ಗಿಯಲ್ಲಿ ನಮ್ಮ ಮನೆಗೂ ಒಬ್ಬರು ಬಂದರು. ನಮ್ಮ ಮಾವನವರ ವಂಶ ಏಳು ತಲೆ ಗಡಗಡ ಓದಿದರು. ಕೇಳಲು ಬಹಳ ಚೆಂದ. ಸತ್ತವರೆಲ್ಲ ಪಡಸಾಲೆಗೆ ಬಂದು ಕೂತಂತೆ. ಮಧ್ಯೆ ಮಧ್ಯೆ "ಕುಡತಿನಿ ಹೆಣ್ಣು ತಂದರು", "ಕಂಪ್ಲಿ ಹೆಣ್ಣು ತಂದರು" ಎಂದು ಬರುತ್ತಿತ್ತು. "ಆ ಹೆಣ್ಣಿನ ಹೆಸರೇನಪ್ಪಾ?" ಎಂದೆ. "ಅದನ್ನ ಬರಿಸಿಲ್ಲ ತಾಯಿ. ಬರಿಸಿದ್ರ ಬರಕೊಂತಿದ್ವಿ" ಅಂದರು. ಅವರದೇನು ತಪ್ಪು? ಹೇಳಿದ್ದನ್ನು ಬರೆದಿದ್ದಾರೆ.

ಇದು ಬರೀ ಕುತೂಹಲದ ಮಾತಲ್ಲ. ನಮ್ಮ ಕಡೆ ಅನೇಕ ಮನೆಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುತ್ತಾರೆ. ಆಮೇಲೆ ರೇಷನ್ ಕಾರ್ಡಿನಲ್ಲಿ ಒಂದು, ಶಾಲೆಯ ಸರ್ಟಿಫಿಕೇಟಿನಲ್ಲಿ ಇನ್ನೊಂದು. ತವರಿನ ಜಮೀನು ಪಾಲಾಗುವಾಗ ವಂಶವೃಕ್ಷ ಬೇಕೆನ್ನುತ್ತಾರೆ. ಕರ್ನಾಟಕದಲ್ಲಿ 1994ರಿಂದಲೂ, ದೇಶಕ್ಕೆಲ್ಲ 2005ರಿಂದಲೂ ಹಿಂದೂ ಮನೆತನಗಳ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂದು ಕಾನೂನಿದೆ, ನಿಜ. ಆದರೆ ವಂಶವೃಕ್ಷದಲ್ಲಿ ಇರುವ ಹೆಸರಿನ ಮಗಳು ನಾನೇ ಎಂದು ತೋರಿಸಬೇಕಲ್ಲ! ನನ್ನ ತಾಯಿಗೆ ಎರಡು ಹೆಸರಿದ್ದವೆಂದು, ಇಬ್ಬರೂ ಒಬ್ಬರೇ ಎಂದು ರುಜುವಾತು ಮಾಡಲು ಒಂದು ಕಚೇರಿಗೆ ನಾನು ಹನ್ನೊಂದು ಸಲ ಅಲೆದಿದ್ದೇನೆ. ಆದ್ದರಿಂದ ಹಳೆಯ ಶಾಲೆಯ ಸರ್ಟಿಫಿಕೇಟು, ಮದುವೆಯ ಕರೆಯೋಲೆ ಇವನ್ನು ಬಿಸಾಡಬೇಡಿ. ಕರೆಯೋಲೆಯಲ್ಲಿ ವಧುವಿನ ಮೊದಲ ಹೆಸರೂ ತಂದೆತಾಯಿಯ ಹೆಸರೂ ಇರುತ್ತವೆ, ನಮ್ಮ ಪಾಲಿಗೆ ಅದೇ ಫ್ರೆಂಚ್ ದಾಖಲೆ. ಹೆಸರು ಬದಲಾಗಿದ್ದರೆ 'ಉರುಫ್' ಎಂದು ಎರಡನ್ನೂ ಬರೆಸಿ.

ಹೆಳವರು ಹೊರಡುವ ಮೊದಲು ನಮ್ಮ ಅತ್ತೆಯನ್ನು ಕೇಳಿದೆ. ಅವರಿಗೆ ಎಂಬತ್ತು ದಾಟಿದೆ. "ಅತ್ತೀ, ತವರಿನಾಗ ನಿಮ್ಮನ್ನ ಏನಂತ ಕರೀತಿದ್ರು?" ಬಹಳ ಹೊತ್ತು ಮಾತಾಡಲಿಲ್ಲ. ಬಂದ ದಿನವೇ ಹೆಸರು ಬದಲಾಯಿಸಿದ್ದರಂತೆ, ಆ ಮನೆಯಲ್ಲಿ ಅದೇ ಹೆಸರಿನ ನಾದಿನಿ ಇದ್ದಳೆಂದು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು. ಹಂಪಿಯ ದೇವಿಯ ಹೆಸರು. ಹೆಳವರು ಪೆನ್ನು ತೆಗೆದು ಬರೆದುಕೊಂಡರು. ಪುಸ್ತಕ ಮುಚ್ಚುವಷ್ಟರಲ್ಲಿ ಅತ್ತೆ ಅವರ ಕೈ ಹಿಡಿದು, "ತಡೀಯಪ್ಪಾ, ನಮ್ಮ ತಂಗೀದೂ ಬರಕೋ. ಆಕಿ ಐದು ವರ್ಷದಾಕಿ ಇದ್ದಾಗ ಹೋದ್ಲು" ಅಂದರು.